ವಾಟೆಹುಳಿಯಲ್ಲಿ ತೊಳೆದ ನಾಣ್ಯ

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಎರಡು ಮೂರು ವರ್ಷ ಕೊಪ್ಪದಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ. ಶೃಂಗೇರಿಯ ಶಾಖೆಯಲ್ಲಿ ಕ್ಯಾಶ್ ಕೌಂಟರಿನ ಹಿಂದೆ ಕೂತಿದ್ದಾಗ ಗಾಜಿನ ಆಚೆಯಿಂದಲೇ ಹಲ್ಲು ಕಿರಿಯುತ್ತಿದ್ದವರು, ಈಗ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಬಸ್ಸಿನ ಬೋರ್ಡು ಓದತೊಡಗುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಆ ವಿಡಿಯೋಗಳು ಬಂದವು. ಅಚ್ಚಿನಲ್ಲಿ ತಪ್ಪಾದ ನಾಣ್ಯ ನಿಮ್ಮ ಡಬ್ಬಿಯಲ್ಲಿದ್ದರೆ ನೀವು ಲಕ್ಷಾಧಿಪತಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎನ್ನುವ ವಿಡಿಯೋಗಳು. ನನಗೆ ಸರ್ವಿಸಿನಲ್ಲಿದ್ದಾಗಿನಿಂದ ಕುಂದಿರುವ ನಾಣ್ಯ ಕೂಡಿಡುವ ಹುಚ್ಚಿದೆ ಎಂಬುದು ಊರಿಗೆ ಗೊತ್ತಿತ್ತು. ಅಷ್ಟು ದಿನ ಅದು ಹುಚ್ಚಾಗಿಯೇ ಇತ್ತು, ವಿಡಿಯೋ ಬಂದ ಮೇಲೆ ವಿದ್ಯೆಯಾಯಿತು. ಒಂದೇ ತಿಂಗಳಲ್ಲಿ ನಾನು ಮತ್ತೆ ದೊಡ್ಡ ಮನುಷ್ಯನಾದೆ. ನನ್ನ ಆ ದೊಡ್ಡಸ್ತಿಕೆಯ ನಡುವೆ ಒಬ್ಬ ಹೆಂಗಸು ಕಿವಿಯ ಓಲೆ ಕಳೆದುಕೊಂಡಳು. ನಾನು ಹೇಳಬೇಕೆಂದಿರುವುದು ಅದನ್ನೇ. ಆದರೆ ನನ್ನ ದರ್ಬಾರು ಹೇಗಿತ್ತೆಂದು ಮೊದಲು ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ದರ್ಬಾರು ನಡೆಯುತ್ತಿದ್ದುದು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ, ದಿನಾ ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಮೂಲೆಯ ಟೇಬಲ್ಲು ನನ್ನದು. ಅದರ ಮೇಲೆ ಒಂದು ಭೂತಗನ್ನಡಿ, ಬಂಗಾರದ ಅಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ತಕ್ಕಡಿ, ಒಂದು ಲೋಟ ಕಾಫಿ. ಆ ಕಾಫಿಗೆ ನಾನು ದುಡ್ಡು ಕೊಟ್ಟ ನೆನಪಿಲ್ಲ. ಬಾಳಗಡಿಯ ಕಾಲೇಜು ಲೆಕ್ಚರರಿಂದ ಹಿಡಿದು ಎಸ್ಟೇಟಿನ ರೈಟರವರೆಗೆ ಎಲ್ಲರೂ ಅಂಗಿಯ ಜೇಬಿನಿಂದ ನಾಣ್ಯ ತೆಗೆದು, ಮಗುವಿನ ಜಾತಕ ತೋರಿಸುವವರ ಹಾಗೆ ತಗ್ಗಿದ ದನಿಯಲ್ಲಿ ಮಾತಾಡಿದರು. ಬ್ಯಾಂಕಿನಲ್ಲಿದ್ದಾಗಲೂ ನನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ನಮ್ಮ ಜನರ ಬುದ್ಧಿಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ನಮ್ಮ ಕಡೆಯ ಬಸ್ಸಿನಲ್ಲಿ ಕಂಡಕ್ಟರಿಗೆ ಒಂದು ಹತ್ತು ರೂಪಾಯಿಯ ನಾಣ್ಯ ಕೊಟ್ಟು ನೋಡಿ. "ಇದು ಓಡಲ್ಲ ಮಾರಾಯ್ರೆ, ನೋಟು ಕೊಡಿ" ಅನ್ನುತ್ತಾನೆ. ಕಿರಾಣಿ ಅಂಗಡಿಯವನೂ ತಗೊಳ್ಳುವುದಿಲ್ಲ, ತರಕಾರಿಯವಳೂ ತಗೊಳ್ಳುವುದಿಲ್ಲ. ಸರ್ಕಾರ ಅಚ್ಚು ಹಾಕಿಸಿದ, ಬ್ಯಾಂಕು ಕೊಡುವ, ಯಾವ ಕುಂದೂ ಇಲ್ಲದ ನಾಣ್ಯಕ್ಕೆ ಹತ್ತು ರೂಪಾಯಿಯ ಬೆಲೆಯೂ ಇಲ್ಲ. ಅದೇ ನಾಣ್ಯದ ಮೇಲೆ ಒಂದು ಗೆರೆ ಕಂಡರೆ ಅದೇ ಕಂಡಕ್ಟರು ಮೂರು ಲಕ್ಷ ಎನ್ನುತ್ತಾನೆ. ನಾನು ಇದನ್ನು ಒಬ್ಬನಿಗೆ ಬಿಡಿಸಿ ಹೇಳಿದೆ. ಅವನು ತಲೆದೂಗಿ, ಹಾಗಾದರೆ ಗೆರೆ ಎಳೆದರೆ ಆಗುತ್ತದೆಯೇ ಎಂದು ಕೇಳಿದ.

ನಾಣ್ಯದ ಕುಂದನ್ನು ಅಳೆಯುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ಗಾಯ ಟಂಕಸಾಲೆಯ ಒಳಗೆ ಆದದ್ದೋ, ಹೊರಗೆ ಬಂದ ಮೇಲೆ ಆದದ್ದೋ? ಹೊರಗೆ ಆದದ್ದಾದರೆ ಅದು ಬರೀ ಪೆಟ್ಟು, ಕುಂದಲ್ಲ. ಶೃಂಗೇರಿಯ ಮಹನೀಯರೊಬ್ಬರು ಅಕ್ಷರವೇ ಇಲ್ಲದ ನಾಣ್ಯವೊಂದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಯಾರೋ ಯಾತ್ರಿಕರು ತುಂಗೆಗೆ ಎಸೆದದ್ದು, ಹೊಳೆಯ ಮರಳಿನಲ್ಲಿ ಹತ್ತಾರು ವರ್ಷ ಉರುಳಿ ಸವೆದಿತ್ತು. ಇನ್ನೊಬ್ಬರ ನಾಣ್ಯಕ್ಕೆ ನಡುವೆ ದುಂಡಗೆ ತೂತಿತ್ತು. ಅವರ ಅಪ್ಪ ಅದನ್ನು ಪಂಪ್‌ಸೆಟ್ಟಿಗೆ ವಾಷರ್ ಮಾಡಿಕೊಂಡಿದ್ದರಂತೆ. ಅದನ್ನು ಹೇಳಿಯೂ ಅವರು, "ಆದ್ರೂ ಎಷ್ಟು ಬರ್ಬಹುದು?" ಎಂದು ಕೇಳಿದರು. ಮೊದಲ ಪ್ರಶ್ನೆಯಲ್ಲಿ ಪಾಸಾದರೆ ಎರಡನೆಯದು, ತಪ್ಪು ಎಷ್ಟು ದೊಡ್ಡದು? ಅಚ್ಚು ಅರ್ಧ ಆಚೆ ಬಿದ್ದಿರಬೇಕು, ಅಂಚನ್ನು ಕಚ್ಚಿ ತೆಗೆದಂತಿರಬೇಕು, ದಾರಿಯಲ್ಲಿ ಹೋಗುವವನಿಗೂ ಕಾಣಬೇಕು. ಆಗ ಸಂಗ್ರಾಹಕರು ಕೈ ಚಾಚುತ್ತಾರೆ. ಕೂದಲೆಳೆಯಂಥ ಗೆರೆಗಳು, ತುಸು ಮಸುಕಾದ ಅಂಕಿಗಳು ಟಂಕಸಾಲೆಯಿಂದ ದಿನಾ ಹೊರಗೆ ಬರುತ್ತವೆ. ಅವಕ್ಕೆ ಯಾರೂ ಕವಡೆ ಕೊಡುವುದಿಲ್ಲ.

ನರಸಿಂಹರಾಜಪುರದಿಂದ ಒಬ್ಬರು ನಿವೃತ್ತ ಹೆಡ್‌ಮಾಸ್ತರು ಸ್ಕೂಟರಿನಲ್ಲಿ ಬಂದಿದ್ದರು. ನಾಣ್ಯಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಪ್ರತಿಯೊಂದರ ಮೇಲೂ ಬೆಲೆ ಬರೆದು, ಪಟ್ಟಿಯೊಂದನ್ನು ಲ್ಯಾಮಿನೇಟ್ ಮಾಡಿಸಿದ್ದರು. ಜೀವಮಾನವಿಡೀ ಮಕ್ಕಳ ತಪ್ಪಿಗೆ ಕೆಂಪು ಶಾಯಿಯಲ್ಲಿ ಮಾರ್ಕು ಕಳೆದವರು, ಈಗ ಟಂಕಸಾಲೆಯ ತಪ್ಪಿಗೆ ಲಕ್ಷ ಲಕ್ಷ ಮಾರ್ಕು ಕೊಟ್ಟಿದ್ದರು. ನಾನು ಒಂದೊಂದನ್ನೂ ನೋಡಿ, ಐದರ ನಾಣ್ಯಕ್ಕೆ ಐದು, ಎರಡರದಕ್ಕೆ ಎರಡು ಎಂದು ಹೇಳುತ್ತ ಹೋದೆ. ಕೊನೆಗೆ ಅವರು ಪಟ್ಟಿ ಮಡಚಲಾಗದೆ ಕಂಕುಳಲ್ಲಿ ಇರುಕಿಕೊಂಡು, "ನಿಮಗೆ ಇನ್ನೂ ಅನುಭವ ಸಾಲ್ದು" ಎಂದು ಎದ್ದರು. ಆವತ್ತಿನ ಕಾಫಿಗೂ ಯಾರೋ ದುಡ್ಡು ಕೊಟ್ಟರು.

ಇವರೆಲ್ಲರಿಗೂ ಸಮಾನವಾದ ಒಂದು ರೋಗವಿತ್ತು. ಎಲ್ಲರೂ ನಾಣ್ಯವನ್ನು ತೊಳೆದು ತರುತ್ತಿದ್ದರು. ನಮ್ಮ ಕಡೆ ದೇವರ ಪಾತ್ರೆ ಬೆಳಗುವುದು ವಾಟೆಹುಳಿಯಲ್ಲಿ. ಒಣಗಿಸಿಟ್ಟ ಆ ಹುಳಿಹಣ್ಣಿನ ಹೋಳನ್ನು ನೀರಲ್ಲಿ ನೆನೆಸಿ, ಒಂದು ಚಿಟಿಕೆ ಉಪ್ಪು ಸೇರಿಸಿ ತಿಕ್ಕಿದರೆ ಯಾವ ತಾಮ್ರವೂ ಹೊಸ ಮದುಮಗನಂತೆ ಕಾಣುತ್ತದೆ. ಕೊಳೆಯಾದ ವಸ್ತುವನ್ನು ಇನ್ನೊಬ್ಬರ ಮುಂದೆ ಹಿಡಿಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾಣ್ಯ ತೋರಿಸಲು ಹೊರಟವರು ಅದಕ್ಕೂ ಅದೇ ಸ್ನಾನ ಮಾಡಿಸಿ ತರುತ್ತಿದ್ದರು. ಸಂಗ್ರಾಹಕರ ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಅವರಿಗೆ ಬೇಕಾದದ್ದು ಕಾಲ ಹಚ್ಚಿದ ಆ ಬಣ್ಣವೇ. ತಿಕ್ಕಿದ ನಾಣ್ಯ ಎಂಥ ಅಪರೂಪದ್ದಾದರೂ ಅರ್ಧ ಸತ್ತಂತೆ.

ಈ ಪಾಪ ನನ್ನ ಮನೆಯಲ್ಲೇ ನಡೆದಿತ್ತು. ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ನಾನು ಮೂರು ಸಾವಿರ ಕೊಟ್ಟು ಒಂದು ತಾಮ್ರದ ನಾಣ್ಯ ತಂದಿದ್ದೆ, ಅಚ್ಚು ಅರ್ಧಕ್ಕರ್ಧ ಆಚೆ ಬಿದ್ದದ್ದು. ದೀಪಾವಳಿಯ ಲಕ್ಷ್ಮೀಪೂಜೆಗೆ ಹೆಂಡತಿ ಅದನ್ನು ಕಪಾಟಿನಿಂದ ತೆಗೆದು, ವಾಟೆಹುಳಿಯಲ್ಲಿ ತಿಕ್ಕಿ, ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟಿದ್ದಳು. ನಾನು ಕೂಗಾಡಿದೆ. "ಲಕ್ಷ್ಮಿ ಮುಂದೆ ಹೊಲಸು ನಾಣ್ಯ ಇಡ್ಲಾ ಹಂಗಾರೆ?" ಎಂದು ಅವಳೂ ಕೂಗಿದಳು. ಎರಡು ದಿನ ಮಾತು ಬಿಟ್ಟೆ. ಆಮೇಲೆ ಅವಳಿಗೆ ಹೇಳಲಾಗದ್ದನ್ನೆಲ್ಲ ಹೋಟೆಲಿಗೆ ಬಂದವರ ಮೇಲೆ ಕಾರತೊಡಗಿದೆ. ತೊಳೆದ ನಾಣ್ಯ ಕಂಡರೆ ಸಾಕು, ನನ್ನ ನಾಲಿಗೆ ನನ್ನ ಮಾತು ಕೇಳುತ್ತಿರಲಿಲ್ಲ. ಜನ ನಗುತ್ತಿದ್ದರು, ನನಗೂ ಅದು ರುಚಿಯಾಗಿತ್ತು.

ಅಂಥ ಒಂದು ಬೆಳಿಗ್ಗೆ, ಓಲೆ ಕಳೆದುಕೊಂಡಳು ಎಂದೆನಲ್ಲ, ಅಡ್ಡಗದ್ದೆಯ ಆ ಹೆಂಗಸು ಬಂದಳು. ನಾವು ಶೃಂಗೇರಿಯಲ್ಲಿ ಬಾಡಿಗೆಗಿದ್ದಾಗ ಮನೆಯ ಯಜಮಾನರ ಅಡಿಕೆ ಸುಲಿಯಲು ಬರುತ್ತಿದ್ದವಳು. ಮೆಟ್ಟುಗತ್ತಿಯ ಮುಂದೆ ಕೂತು ಕೂತು ಅವಳ ಮಂಡಿ ಹೋಗಿತ್ತು. ಆದರೆ ಕಣ್ಣು ಹೇಗಿತ್ತೆಂದರೆ, ರಾಶಿಯಲ್ಲಿ ಒಂದು ಕೆಟ್ಟ ಅಡಿಕೆ ಇದ್ದರೂ ನೋಡದೆಯೇ ಎತ್ತಿ ಬೇರೆ ಹಾಕುತ್ತಿದ್ದಳು. ಹೋಟೆಲಿನೊಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತಿದ್ದಳು. ನಾನೇ ಕರೆದೆ. ಬಂದು, ಸೆರಗಿನ ಗಂಟು ಬಿಚ್ಚಿ, ಹತ್ತು ರೂಪಾಯಿಯ ನಾಣ್ಯವೊಂದನ್ನು ಟೇಬಲ್ಲಿನ ಮೇಲಿಟ್ಟಳು. ಅದು ಹೊಳೆಯುತ್ತಿತ್ತು.

"ಇದು ಯಾವ ಬಸ್ಸಲ್ಲೂ ಓಡ್ಲಿಲ್ಲ ಅಯ್ಯಾ. ವಾಪಸ್ ಬಂದು ಬಂದು ನನ್ನ ಹತ್ರನೇ ಉಳೀತು," ಅಂದಳು. "ಹಂಗೇ ನೋಡ್ತಾ ಇದ್ದಾಗ ಕಂಡಿದ್ದು, ನಡುವಿನ ಬಿಳೀದು ಒಂದು ಬದಿಗೆ ಸರಿದಿದೆ. ಪಕ್ಕದ ಮನೆಯವ್ರ ಫೋನಿಂದ ಫೋಟೋ ಕಳ್ಸಿದ್ದೆ. ಮೂರು ಲಕ್ಷ ಕೊಡ್ತೀವಿ ಅಂತಿದಾರೆ. ಅದ್ಕೆ ಮೊದ್ಲು ರಿಜಿಸ್ಟ್ರೇಷನ್ನಿಗೆ ಐದೂವರೆ ಸಾವಿರ ಕಟ್ಬೇಕಂತೆ. ಬೆಂಡೋಲೆ ಅಡವಿಡಾದು ಅಂತ ಮಾಡಿದೀನಿ. ನಿಮ್ಮನ್ನ ಒಂದ್ಮಾತು ಕೇಳಿ ಆಮೇಲೆ ಇಡಾಣ ಅಂತ ಬಂದೆ."

ಕಿವಿಯಲ್ಲಿ ಅವಳ ತಾಯಿಯ ಕಾಲದ ಬೆಂಡೋಲೆ ಇತ್ತು. ಅವಳ ಮೈಮೇಲೆ ಇದ್ದ ಬಂಗಾರ ಅಷ್ಟೇ. ಲಕ್ಷ ಬಂದರೆ ಏನು ಮಾಡುತ್ತೀ ಎಂದು ಯಾರೋ ಕೇಳಿದರು. ಒಂದು ಹೊಲಿಗೆ ಅಂಗಡಿ ಇಡುತ್ತೇನೆ, ಇನ್ನು ಮೇಲಾದರೂ ಕುರ್ಚಿಯ ಮೇಲೆ ಕೂತು ಕೆಲಸ ಮಾಡಬೇಕು ಎಂದಳು.

ಹೋಟೆಲು ತುಂಬಿತ್ತು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾಣ್ಯವನ್ನು ನಾನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ. "ವಾಟೆಹುಳಿನಾ?" ಎಂದು ಕೇಳಿದೆ. ಹೌದು ಅಯ್ಯಾ, ಚೆನ್ನಾಗಿ ಬೆಳಗಿ ತಂದಿದ್ದೇನೆ ಎಂದು ಅವಳು ಸಂತೋಷದಿಂದಲೇ ಹೇಳಿದಳು.

"ಅಭ್ಯಂಜನ ಮಾಡ್ಸಿ ಕರ್ಕಂಡು ಬಂದಿದೀಯ ಮಾರಾಯ್ತಿ," ಅಂದೆ. "ಇನ್ನು ತಲೆ ಬಾಚಿ ಹೂ ಮುಡ್ಸಿ ಗಂಡು ಹುಡುಕು. ಮೂರು ಲಕ್ಷದ ಅಳಿಯ ಫೋನಲ್ಲೇ ಸಿಕ್ಕಿದಾನಲ್ಲ. ಓಲೆ ಕೊಟ್ಟು ಧಾರೆ ಎರೆದುಬಿಡು!"

ಹೋಟೆಲು ಬಿದ್ದು ಬಿದ್ದು ನಕ್ಕಿತು. ಕಾಫಿ ಸೋಸುತ್ತಿದ್ದವನೂ ನಕ್ಕ. ಆ ನಗುವಿನ ಮೇಲೆ ಇನ್ನೆರಡು ಮಾತು ಹಚ್ಚಿದೆ. ಬೆಂಗಳೂರಿನಲ್ಲಿ ನಾನು ಮೂರು ಸಾವಿರ ಕೊಟ್ಟು ತಂದ ನಾಣ್ಯದ ಕತೆ ಹೇಳಿ, ಕುಂದು ಎಂದರೆ ಅದು, ಇದೆಲ್ಲ ಎಂತದೂ ಅಲ್ಲ ಎಂದೆ. ಓಲೆ ಗೀಲೆ ಇಡಬೇಡ ಎಂದೂ ಹೇಳಿದೆ. ಹೇಳಿದ್ದು ನಿಜ, ಬೇಕಾದರೆ ಆವತ್ತು ಅಲ್ಲಿದ್ದವರನ್ನು ಕೇಳಿ. ಆದರೆ ಅದನ್ನೂ ತಮಾಷೆಯ ಬಾಲವಾಗಿಯೇ ಹೇಳಿದ್ದೆ. ಅವಳು ನಾಣ್ಯ ತೆಗೆದುಕೊಂಡು ಮತ್ತೆ ಸೆರಗಿಗೆ ಕಟ್ಟಿ, "ಬತ್ತೀನಿ ಅಯ್ಯಾ" ಎಂದು ಹೊರಟಳು. ಯಾರೋ ಕೊಡಿಸಿದ ಕಾಫಿಯನ್ನು ಅವಳು ಮುಟ್ಟಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನು ಹೆಂಡತಿಗೆ ಹೇಳಿದೆ, ಅವಳೂ ನಗಲಿ ಎಂದು. ಅವಳು ನಗಲಿಲ್ಲ.

"ಅವ್ಳು ನಿಮ್ಮನ್ನ ಕೇಳಕ್ಕೆ ಅಂತ ಅಷ್ಟು ದೂರದಿಂದ ಬಸ್ ಚಾರ್ಜ್ ಕೊಟ್ಟು ಬಂದಿದ್ಲು," ಅಂದಳು. "ನೀವು ಎಂತ ಉತ್ತರ ಕೊಟ್ರಿ ಹಂಗಾರೆ?"

"ಬೇಡ ಅಂದೆ ಅಲ್ದಾ?"

"ಎಲ್ಲಿ ಅಂದ್ರಿ? ಜನರನ್ನ ನಗ್ಸಿದ್ರಿ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯಾಗಿದ್ದರಿಂದ ಇನ್ನೂ ಹೆಚ್ಚು ಬಂತು. ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋಗದೆ ಶೃಂಗೇರಿಯ ಬಸ್ಸು ಹತ್ತಿ ಅಡ್ಡಗದ್ದೆಯಲ್ಲಿ ಇಳಿದೆ.

ಯಾರದೋ ಮನೆಯಂಗಳದಲ್ಲಿ ಆರೇಳು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಅವಳೂ ಇದ್ದಳು, ಓಲೆ ಇನ್ನೂ ಕಿವಿಯಲ್ಲೇ ಇತ್ತು. ಸದ್ಯ ಎಂದುಕೊಂಡೆ. ನನಗೆ ಮಣೆ ಹಾಕಿದರು, ಬೆಲ್ಲ ನೀರು ಕೊಟ್ಟರು. ಈ ಸಲ ನಾನು ತಮಾಷೆ ಮಾಡಲಿಲ್ಲ, ಉಪನ್ಯಾಸ ಮಾಡಿದೆ. ಫೋನಿನವರು ಕಳ್ಳರು, ಇಂಥ ಕುಂದಿಗೆ ಯಾರೂ ದುಡ್ಡು ಕೊಡುವುದಿಲ್ಲ, ಕೊಳ್ಳುವವನು ಯಾವತ್ತೂ ಮೊದಲು ದುಡ್ಡು ಕೇಳುವುದಿಲ್ಲ, ಕೇಳಿದ ಎಂದರೆ ಅವನಿಗೆ ಬೇಕಾದದ್ದು ನಿನ್ನ ನಾಣ್ಯ ಅಲ್ಲ ಎಂದು ಕ್ಯಾಶಿಯರಿನ ದನಿಯಲ್ಲಿ ಹೇಳಿದೆ. ಎಲ್ಲರೂ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಕುಂದಿರೋ ನಾಣ್ಯಕ್ಕೆ ಯಾರೂ ದುಡ್ಡು ಕೊಡಲ್ಲ ಅಂತೀರಿ," ಅಂದಳು ಅವಳು. "ನೀವು ಮೂರು ಸಾವ್ರ ಕೊಟ್ಟಿದೀರಿ ಅಲ್ದಾ ಅಯ್ಯಾ?"

"ಅದು ಬೇರೆ ಥರದ್ದು."

"ಹೆಂಗೆ ಬೇರೆ?"

ಅದಕ್ಕೆ ಸರಿಯಾದ ಉತ್ತರ ಇತ್ತು. ಅದರ ತಪ್ಪು ದೊಡ್ಡದು, ನಿನ್ನದು ನೂಲಿನಷ್ಟು ಎಂದು ಹೇಳಿದೆ. ಹೇಳಿದ ಕೂಡಲೇ ಅದೇ ನನಗೆ ತಿರುಗುಬಾಣವಾಯಿತು.

"ನೂಲಿನಷ್ಟು ವ್ಯತ್ಯಾಸ ಇದ್ರೆ ಸಾಕು, ಮಂಡಿಯವ್ರು ಅಡಿಕೆನ ಗೊರಬಲಿಗೆ ಹಾಕ್ತಾರೆ," ಅಂದಳು. ಗೊರಬಲು ಅಂದರೆ ಕಡಿಮೆ ದರ್ಜೆಯ ಅಡಿಕೆ. "ದರ ಇಳ್ಸಕ್ಕೆ ಅಷ್ಟು ಸಾಕಾಗತ್ತೆ, ಏರ್ಸಕ್ಕೆ ಸಾಕಾಗಲ್ವಾ?"

ಉಳಿದ ಹೆಂಗಸರು ತಲೆ ಎತ್ತಿ ನನ್ನನ್ನು ನೋಡಿದರು. ಮೂವತ್ತು ವರ್ಷ ನಾಣ್ಯ ಹಿಡಿದ ನಾನು ಅಡಿಕೆ ಸುಲಿಯುವವಳ ಮುಂದೆ ವಾದದಲ್ಲಿ ಸೋತಿದ್ದೆ. ಆಗ ನಾನು ಮಾಡಿದ ಕೆಲಸ ಇದೆಯಲ್ಲ, ಅದನ್ನು ಬುದ್ಧಿ ಇದ್ದವರು ಮಾಡುವುದಿಲ್ಲ. ವಾದ ಬೇಡ, ನಾಣ್ಯವನ್ನೇ ಅವಳ ಕೈಯಿಂದ ತಪ್ಪಿಸಿಬಿಡೋಣ, ನಾಣ್ಯ ಹೋದರೆ ಓಲೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಜೇಬಿನಿಂದ ಐನೂರರ ನೋಟು ತೆಗೆದೆ.

"ಇದನ್ನ ಇಟ್ಕ. ಆ ನಾಣ್ಯ ನಂಗೆ ಕೊಡು. ಕತೆ ಮುಗೀತು."

ಅಂಗಳದಲ್ಲಿ ಕತ್ತಿಗಳೆಲ್ಲ ಒಮ್ಮೆಗೇ ನಿಂತವು. ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ನಿನ್ನೆ ತಾನೇ ನಾಲ್ಕು ಜನರ ಮುಂದೆ ಇದು ಎಂತದೂ ಅಲ್ಲ ಎಂದವನು, ಇವತ್ತು ತೋಟದ ಹಾದಿ ಹಿಡಿದು ಬಂದು ಹತ್ತಕ್ಕೆ ಐನೂರು ಕೊಡುತ್ತಿದ್ದಾನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಯೋಚಿಸುತ್ತಿದ್ದೆ. ಮುದುಕಿಯೊಬ್ಬಳು ಸಣ್ಣ ದನಿಯಲ್ಲಿ, "ಕೊಡಬ್ಯಾಡ ಕಣೇ" ಅಂದದ್ದು ನನಗೂ ಕೇಳಿಸಿತು.

"ಬ್ಯಾಡ ಅಯ್ಯಾ," ಅಂದಳು ಅವಳು, ಬಹಳ ವಿನಯದಿಂದ. "ಇರ್ಲಿ ಬಿಡಿ."

ಎರಡು ದಿನದಲ್ಲಿ ಓಲೆ ಅಡವಿಗೆ ಹೋಯಿತು. ಬ್ಯಾಂಕಿನಯ್ಯ ಸ್ವತಃ ಊರಿಗೆ ಹುಡುಕಿಕೊಂಡು ಬಂದು ನಾಣ್ಯ ಕೇಳಿದರು ಎನ್ನುವುದೇ ಅವಳಿಗೆ ಸಿಕ್ಕ ಖಾತರಿ. ಐದೂವರೆ ಸಾವಿರ ಕಳಿಸಿದ ಮೇಲೆ ಫೋನಿನವನು ತೆರಿಗೆ ಎಂದು ಇನ್ನಷ್ಟು ಕೇಳಿದನಂತೆ. ಅಡವಿಟ್ಟ ಓಲೆಯನ್ನು ಅಲ್ಲೇ ಮಾರಿ, ಸಾಲ ಕಳೆದು ಉಳಿದ ದುಡ್ಡನ್ನೂ ಕಳಿಸಿದಳು. ಆಮೇಲೆ ಆ ನಂಬರು ಸ್ವಿಚ್ ಆಫ್. ಇದನ್ನೆಲ್ಲ ನನಗೆ ಹೇಳಿದ್ದು ಹೋಟೆಲಿನವರು, ನಗುತ್ತ ನಗುತ್ತ. ಅವರಿಗೆ ನಗಲು ಕಲಿಸಿದವನು ನಾನೇ. ಭೂತಗನ್ನಡಿ, ತಕ್ಕಡಿ ಎತ್ತಿಕೊಂಡು ಮನೆಗೆ ಬಂದೆ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ನಮ್ಮ ಮನೆಗೇ ಬಂದಳು. ಓಲೆ ಇದ್ದ ತೂತು ಮುಚ್ಚಿಹೋಗದಿರಲೆಂದು ಎರಡೂ ಕಿವಿಗೆ ಪೊರಕೆಯ ಹಿಡಿಕಡ್ಡಿಯ ಚೂರು ಸಿಕ್ಕಿಸಿದ್ದಳು. ಹೆಂಡತಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ಕಾಫಿಗೆ ಹೋದಳು. ನನಗೆ ಆ ಕಡ್ಡಿಯ ಚೂರುಗಳ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಪೊಲೀಸಿಗೆ ದೂರು ಕೊಡೋಣ, ನಾನೇ ಬರೆದುಕೊಡುತ್ತೇನೆ ಎಂದೆ. ಸ್ಟೇಷನ್ನಿಗೆ ಹೋಗಿ ಬರೆಸಿ ಕೊಟ್ಟಾಯಿತು ಎಂದಳು. ನಾಣ್ಯಕ್ಕೆ ಐನೂರು ಈಗಲೂ ಕೊಡುತ್ತೇನೆ ಎಂದು ಜೇಬಿಗೆ ಕೈ ಹಾಕಿದೆ.

"ದುಡ್ಡಿಗೆ ಬಂದಿದ್ದಲ್ಲ," ಎಂದು ಸೆರಗಿನ ಗಂಟು ಬಿಚ್ಚಿದಳು. "ನೋಡಿ ಹೇಳಿ ಅಂತ ಬಂದೆ. ಆವತ್ತು ನೀವು ನೋಡ್ಲಿಲ್ಲ."

ನಿಜ. ಆವತ್ತು ಟೇಬಲ್ಲಿನ ಮೇಲೆ ಭೂತಗನ್ನಡಿಯೂ ಇತ್ತು, ತಕ್ಕಡಿಯೂ ಇತ್ತು, ನಾನು ಎರಡನ್ನೂ ಮುಟ್ಟಿರಲಿಲ್ಲ. ಹೊಳಪು ಕಂಡದ್ದೇ ತಡ ಬಾಯಿ ತೆರೆದಿದ್ದೆ. ಅಡ್ಡಗದ್ದೆಗೆ ಹೋದಾಗಲೂ ನಾಣ್ಯ ತೋರಿಸು ಎಂದು ಕೇಳಿರಲಿಲ್ಲ. ಈಗ ಒಳಗಿನಿಂದ ಭೂತಗನ್ನಡಿ, ತಕ್ಕಡಿ ತಂದು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಮುಖ ನೋಡಿದೆ, ಅಂಚು ಸುತ್ತಲೂ ತಿರುಗಿಸಿದೆ, ತೂಕ ಹಾಕಿದೆ. ಹೊರಗಿನ ಹಳದಿ ಪಟ್ಟಿ ಒಂದು ಬದಿಗೆ ತುಸು ಅಗಲ, ಇನ್ನೊಂದು ಬದಿಗೆ ತುಸು ಕಿರಿದು. ಬಿಳಿಯ ನಡುಭಾಗ ಅವಳು ಹೇಳಿದಂತೆಯೇ ಸರಿದಿತ್ತು. ಬರಿಗಣ್ಣಿಗೆ ಅದು ಹೇಗೆ ಕಂಡಿತೋ ದೇವರಿಗೇ ಗೊತ್ತು.

"ನಿನ್ನ ಕಣ್ಣು ಸರಿ," ಅಂದೆ. "ಟಂಕಸಾಲೆಯಲ್ಲೇ ಆದ ತಪ್ಪು. ಆದ್ರೆ ಇಷ್ಟು ಸಣ್ಣದಕ್ಕೆ ಕೊಳ್ಳೋರು ಯಾರೂ ಇಲ್ಲ. ತೊಳೀದೆ ಇದ್ದಿದ್ರೂ ಇರ್ಲಿಲ್ಲ. ಇದು ಹತ್ತು ರೂಪಾಯಿ, ಅಷ್ಟೆ."

"ಹೆಚ್ಚು ಇಲ್ಲ?"

"ಇಲ್ಲ."

ಅವಳು ತಲೆಯಾಡಿಸಿದಳು, ಮಂಡಿಯಲ್ಲಿ ದರ ಕೇಳಿಕೊಂಡವರ ಹಾಗೆ. ನಾಣ್ಯವನ್ನು ವಾಪಸ್ ತೆಗೆದುಕೊಂಡು ಸೆರಗಿಗೆ ಕಟ್ಟಿದಳು. ಹೆಂಡತಿ ತಂದ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

"ಅವ ಮೋಸದವ ಅಂತ ನಂಗೂ ಅನ್ನಿಸ್ತಾ ಇತ್ತು," ಅಂದಳು. "ಆದ್ರೆ ಬಿಳೀದು ಯಾವ ಬದಿಗೆ ಸರಿದಿದೆ, ಎಷ್ಟು ಸರಿದಿದೆ, ಸರಿಯಾಗಿ ನೋಡಿ ಹೇಳಿ ಅಮ್ಮಾ ಅಂತ ಅವ ಅರ್ಧ ಗಂಟೆ ಕೇಳ್ದ. ನೀವು ಕೇಳ್ಲೇ ಇಲ್ಲ. ಇದನ್ನ ನೋಡಕ್ಕೆ ಭಾರಿ ಹೊತ್ತು ಬೇಕೇನೋ, ಅದಕ್ಕೇ ನೀವು ನೋಡ್ಲಿಲ್ಲ ಅಂದ್ಕಂಡಿದ್ದೆ. ಎರಡೇ ನಿಮಿಷದ್ದು ಅಂತ ನಂಗೆ ಗೊತ್ತಿರ್ಲಿಲ್ಲ ಅಯ್ಯಾ."

ನನಗೆ ಗೊತ್ತಿತ್ತು.